ವಿಮಾನದ ಮೇಲೆ ಚಂದ್ರಗಿರಿ

ಗಣಕಯಂತ್ರದಲ್ಲಿ ವಿಮಾನ ನಡೆಸುವ ಆಟ, 2006ರ ಫ್ಲೈಟ್ ಸಿಮ್ಯುಲೇಟರ್ ಎಕ್ಸ್, ನನಗೆ ಅಂಟಿದ ಗೀಳು. ಅದರ ವಿಮಾನಕ್ಕೆ ಬಣ್ಣ ಬಳಿಯುವುದೆಂದರೆ ಹೊರಮೈಗೆ ಹೊದಿಸಿದ ಚಪ್ಪಟೆ ಚಿತ್ರವನ್ನು ತಿದ್ದುವುದು. ಮೊದಲ ಸಲ ತೆರೆದಾಗ ರೆಕ್ಕೆ, ಬಾಲ, ಒಡಲು ಎಲ್ಲವೂ ತಲೆಕೆಳಗು! ಆ ಆಟದ ಡಿಡಿಎಸ್ ಕಡತಗಳ ಕ್ರಮವೇ ಹಾಗಂತೆ. ತಿರುವಿ, ಒಡಲ ಮೇಲೆ ನಮ್ಮ ಹೊಳೆಯ ಹೆಸರು ‘ಚಂದ್ರಗಿರಿ’ ಎಂದು ಬರೆದೆ. ಎಡಬದಿಯಲ್ಲಿ ಶೋಭಿಸಿತು, ಬಲಬದಿಯಲ್ಲಿ ಕನ್ನಡಿಯೊಳಗಿನಂತೆ ಹಿಂದುಮುಂದಾಗಿತ್ತು. ಆ ಮಾದರಿಯಲ್ಲಿ ಎರಡು ಬದಿಗೂ ಒಂದೇ ಚಿತ್ರ. ಎಷ್ಟು ಬಣ್ಣ ಬಳಿದರೂ ಸರಿಹೋಗದು.

ಹೆಸರನ್ನೇ ಅಳಿಸಿಬಿಡಬಹುದಿತ್ತು. ಆದರೆ ಒಂದನೆಯ ತರಗತಿಯಲ್ಲಿ ನಾನು ಅಕ್ಷರ ತಿರುಗಿಸಿ ಬರೆದಾಗಲೆಲ್ಲ ಸ್ಲೇಟು ಒರೆಸಿ, ಕೈಹಿಡಿದು ತಿದ್ದಿಸಿದ ಟೀಚರು ನೆನಪಾದರು. ಬದಿಗೊಂದು ಚಿತ್ರವಿರುವ ಬೇರೆ ಮಾದರಿ ಹುಡುಕಿ ಮೊದಲಿನಿಂದ ಬರೆದೆ. ಈಗ ಎರಡೂ ಕಡೆ ಓದಬಹುದು. ‘ದ್ರ’ದ ಒತ್ತು ಮಾತ್ರ ತುಸು ಓರೆ.