ಇಪ್ಪತ್ತು ನಿಮಿಷದ ಸಿತಾರ

ಊರು ಧಾರವಾಡ, ಮನೆಮಾತು ಉರ್ದು, ಕಲಿಯುತ್ತಿರುವುದು ಸಿತಾರ ಎಂದರೆ ಜನ ಕೂಡಲೇ ಕೇಳುತ್ತಾರೆ: "ಹಂಗಾರ ಖಾನ್‌ಸಾಹೇಬರ ಮನೆತನದಾಂವೇನು?" ಅಲ್ಲ. ಬೀನ್‌ಕಾರ ಬಂದೇ ಅಲಿ ಖಾನರ ಶಿಷ್ಯರಾದ ಸಿತಾರರತ್ನ ರಹಿಮತ್ ಖಾನರು ನೆಲೆಸಿದ ಊರು ಇದು. ಸಿತಾರಕ್ಕೆ ಖರ್ಜದ ತಂತಿಗಳನ್ನು ಸೇರಿಸಿದವರು ಅವರು. 2007ರಲ್ಲಿ ತೀರಿಕೊಂಡ ಬಾಲೇಖಾನರು ಅವರ ಮೊಮ್ಮಗ. ನಮ್ಮ ಮನೆಯಲ್ಲಿ ನನಗಿಂತ ಮೊದಲು ಇದ್ದ ವಾದ್ಯವೆಂದರೆ ದಾದಿಯ ರೇಡಿಯೊ.

ಇಂಥ ಊರಲ್ಲಿ ಕೆಟ್ಟದಾಗಿ ಸಿತಾರ ನುಡಿಸುವುದು ಕಷ್ಟ. ಕೇಳುವವರಿಗೆಲ್ಲ ಕಿವಿ ಇದೆ. ಪಕ್ಕದ ಮನೆಯ ಅಜ್ಜಿ ಎಂಟು ತಿಂಗಳಿಂದ ನನ್ನ ಯಮನ್ ಗತ್ ಕೇಳುತ್ತಿದ್ದಾರೆ. ಮೊನ್ನೆ ಗೋಡೆಯ ಆಚೆಯಿಂದಲೇ ಕೇಳಿದರು: "ತಮ್ಮಾ, ಇವತ್ತೂ ಅದೇ ಏನು? ಮುಂದಿಂದು ಯಾವಾಗ?"

ಮುಂದಿನದು ಬರದೇ ಇರುವುದಕ್ಕೆ ಕಾರಣ ಒಂದೇ ಒಂದು ಮೀಂಡ್. ಗಾಂಧಾರದ ಪರದೆಯ ಮೇಲೆ ತಂತಿ ಒತ್ತಿ, ಪಕ್ಕಕ್ಕೆ ಎಳೆದು ತೀವ್ರ ಮಧ್ಯಮ ಮುಟ್ಟಬೇಕು. ಎಳೆತ ಅರ್ಧಕ್ಕೇ ನಿಂತರೆ ಶುದ್ಧ ಮಧ್ಯಮ ಕೇಳುತ್ತದೆ. ಯಮನ್‌ನಲ್ಲಿ ಅದಕ್ಕೆ ಜಾಗವೇ ಇಲ್ಲ. ಹೆದರಿ ಜೋರಾಗಿ ಎಳೆದರೆ ಪಂಚಮದ ಹತ್ತಿರ ಹೋಗುತ್ತದೆ. ಎಲ್ಲಿ ನಿಲ್ಲಬೇಕು ಎಂದು ತೋರಿಸಲು ಅಲ್ಲಿ ಗೆರೆಯೂ ಇಲ್ಲ, ಪರದೆಯೂ ಇಲ್ಲ. ಅಕೌಂಟೆನ್ಸಿಯಲ್ಲಿ ಟ್ರಯಲ್ ಬ್ಯಾಲೆನ್ಸ್ ತಾಳೆಯಾಗದಿದ್ದರೆ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮುಂದೆ ಹೋಗಬಹುದು. ಸಿತಾರದಲ್ಲಿ ಆ ಖಾತೆ ತೆರೆದಿಲ್ಲ.

ಬೆರಳಿನ ನೋವು ದೊಡ್ಡದಲ್ಲ. ಎಡಗೈಯ ಎರಡು ಬೆರಳಿನ ಮೇಲೆ ಗೆರೆ ಬಿದ್ದು ಚರ್ಮ ಗಟ್ಟಿಯಾಗಿದೆ. ಬಲಗೈಯ ತೋರುಬೆರಳನ್ನು ಮಿಜ್ರಾಬ್ ಹಿಂಡುತ್ತದೆ, ಮರುದಿನ ಜರ್ನಲ್ ಎಂಟ್ರಿ ಬರೆಯುವಾಗ ಪೆನ್ನು ಅಲ್ಲೇ ತಾಗುತ್ತದೆ. ಇದೆಲ್ಲ ರೂಢಿಯಾಯಿತು. ರೂಢಿಯಾಗದ್ದು ಬೇರೆ. ಮೊದಲ ಎರಡು ತಿಂಗಳು ನಾನು ನುಡಿಸಿದ್ದು ನನಗೆ ಚೆನ್ನಾಗಿಯೇ ಕೇಳುತ್ತಿತ್ತು! ಈಗ ಕೇಳುವುದಿಲ್ಲ. ಕೈ ಹಿಂದೆ ಹೋಗಿಲ್ಲ, ಕಿವಿ ಮುಂದೆ ಹೋಗಿದೆ. ಕೈ ಒಂದು ಹೆಜ್ಜೆ ಇಟ್ಟರೆ ಕಿವಿ ಎರಡು ಇಡುತ್ತದೆ. ಹಾಗಾಗಿ ಕಲಿತಷ್ಟೂ ನನ್ನ ಸಿತಾರ ನನಗೇ ಕೆಟ್ಟದಾಗಿ ಕೇಳುತ್ತದೆ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ.

ಗಂಗೂಬಾಯಿ ಹಾನಗಲ್ಲರು ಪಾಠಕ್ಕಾಗಿ ಹುಬ್ಬಳ್ಳಿಯಿಂದ ಕುಂದಗೋಳಕ್ಕೆ, ಸವಾಯಿ ಗಂಧರ್ವರ ಬಳಿಗೆ, ರೈಲಿನಲ್ಲಿ ಹೋಗಿಬರುತ್ತಿದ್ದರು. ಈ ಕಥೆಯನ್ನು ನಮಗೆಲ್ಲ ಸ್ಫೂರ್ತಿಗಾಗಿ ಹೇಳುತ್ತಾರೆ. ನನಗೆ ಕುತೂಹಲ ಇರುವುದು ವಾಪಸು ಬರುವ ರೈಲಿನ ಬಗ್ಗೆ. ಸ್ವರ ಸರಿಯಾಗಿ ಹತ್ತದ ದಿನ ಅವರು ಕಿಟಕಿಯ ಹೊರಗೆ ನೋಡುತ್ತ ಏನು ಯೋಚಿಸುತ್ತಿದ್ದರೋ!

ಮನೆಯಲ್ಲಿ ಖಾಲಾಗೆ ವಾದ್ಯವೇ ಅಷ್ಟು ಸೇರದು. ಅಜಾನ್ ಕೇಳಿದ ಕೂಡಲೇ ನಿಲ್ಲಿಸುತ್ತೇನೆ, ಅವರೂ ಹೆಚ್ಚು ಮಾತಾಡುವುದಿಲ್ಲ. ಅಬ್ಬಾ ಮಾತ್ರ ದ್ವಿತೀಯ ಪಿಯು ಪರೀಕ್ಷೆ ಮುಗಿಯುವವರೆಗೆ ಸಿತಾರವನ್ನು ಕಪಾಟಿನ ಮೇಲೆ ಇಡು ಎನ್ನುತ್ತಾರೆ. ಅಷ್ಟು ದಿನ ಬಿಟ್ಟರೆ ಬೆರಳಿನ ಚರ್ಮ ಮತ್ತೆ ಮೆತ್ತಗಾಗುತ್ತದೆ ಎಂದು ತೋರಿಸಿದೆ. ಅವರು ನನ್ನ ಬೆರಳನ್ನು ಮುಟ್ಟಿ ನೋಡಿದರು, ಅರ್ಧವಾರ್ಷಿಕ ಪರೀಕ್ಷೆಯ ಅಂಕಪಟ್ಟಿಯನ್ನೂ ನೋಡಿದರು. ಸದ್ಯಕ್ಕೆ ಇಪ್ಪತ್ತು ನಿಮಿಷಕ್ಕೆ ಒಪ್ಪಂದವಾಗಿದೆ: ಇಶಾ ನಮಾಜ್ ಆದಮೇಲೆ, ಬಾಗಿಲು ಹಾಕಿಕೊಂಡು. ಅದರಲ್ಲಿ ಹತ್ತು ನಿಮಿಷ ಶ್ರುತಿ ಕೂಡಿಸುವುದಕ್ಕೇ ಹೋಗುತ್ತದೆ.