ತಾರಸಿಗೊಂದು ರಂಗೋಲಿ ಹುಳು

ಬೆಂಗಳೂರಿನ ಸಾರಕ್ಕಿಯಲ್ಲಿ ಅಂಗಳವಿರುವ ಮನೆಗಳು ಈಗ ಕಡಿಮೆ. ಗೇಟಿನ ಮುಂದೆ ರಂಗೋಲಿಗೆ ಎರಡಡಿ ಜಾಗ ಸಿಕ್ಕರೆ ಪುಣ್ಯ. ಅಲ್ಲೂ ಯಾರದೋ ಸ್ಕೂಟರ್ ನಿಂತಿರುತ್ತದೆ. ಈ ಲೇಖಕನ ತಾರಸಿಯಲ್ಲಿ ಮಾತ್ರ ದಿನಾ ಹೊಸ ರಂಗೋಲಿ. ಕುಂಡದ ಟೊಮೆಟೊ, ಅಲಸಂದೆ, ಹೀರೆಬಳ್ಳಿ ಯಾವುದನ್ನೂ ಬಿಡದೆ ಎಲೆಎಲೆಯ ಮೇಲೂ ಬಿಳಿ ಗೆರೆ ಸುತ್ತಿ ಬಳಸಿ ಹರಿದಿರುತ್ತದೆ. ಪಕ್ಕದ ಮನೆಯ ಅಜ್ಜಿ ನೋಡಿ, "ದೃಷ್ಟಿಯಾಗಿದೆ ಕಣಪ್ಪ, ಮೆಣಸಿನಕಾಯಿ ನಿವಾಳಿಸಿ ಹಾಕು" ಅಂದರು. ರೈತರಿಗೆ ಇದು ಪರಿಚಿತ ಶತ್ರು: ರಂಗೋಲಿ ಹುಳು.

ಹುಳುವಿನ ತಾಯಿ ಒಂದು ನೊಣ. ಎರಡು ಮಿಲಿಮೀಟರ್ ಮುಟ್ಟಿದರೆ ಹೆಚ್ಚು. ಕಪ್ಪು ಮೈ, ಅಲ್ಲಲ್ಲಿ ಹಳದಿ. ಹೆಣ್ಣು ಎಲೆಗೆ ಚುಚ್ಚಿ ರಸ ಹೀರುತ್ತದೆ. ಗಂಡಿಗೆ ಚುಚ್ಚುವ ಸಾಧನವಿಲ್ಲ. ಹೆಣ್ಣು ಮಾಡಿಟ್ಟ ತೂತಿನಲ್ಲಿ ಉಳಿದದ್ದೇ ಅದರ ಊಟ. ಇದನ್ನು ಓದಿ ಹೇಳಿದಾಗ ಮನೆಯಾಕೆ, "ಅದರಲ್ಲೇನು ವಿಶೇಷ?" ಎಂದು ಒಳಗೆ ಹೋದಳು.

ಮೊಟ್ಟೆಯೊಡೆದ ಮರಿ ಎಲೆಯ ಮೇಲ್ಪೊರೆ, ಕೆಳಪೊರೆಗಳ ನಡುವಿನ ಹಸಿರನ್ನು ಮೇಯುತ್ತಾ ಸಾಗುತ್ತದೆ. ಅದು ಬೆಳೆದಂತೆ ಸುರಂಗವೂ ಅಗಲವಾಗುತ್ತದೆ. ಒಳಗೆ ಕಾಣುವ ಕಪ್ಪು ಚುಕ್ಕಿಗಳು ಅದರ ಹಿಕ್ಕೆ. ಹೊಟ್ಟೆ ತುಂಬಿದ ಮೇಲೆ ಪೊರೆ ಸೀಳಿ ಮಣ್ಣಿಗೆ ಬಿದ್ದು ಕೋಶವಾಗುತ್ತದೆ.

ನಮ್ಮ ನೊಣದ ಶಾಸ್ತ್ರೀಯ ಹೆಸರು ಲಿರಿಯೊಮೈಜಾ ಟ್ರೈಫೋಲಿ. 1880ರಲ್ಲಿ ಇದನ್ನು ಮೊದಲು ವರ್ಣಿಸಿದವನು ಅಮೆರಿಕದ ಎಡ್ವರ್ಡ್ ಬರ್ಜೆಸ್. ಕೀಟಶಾಸ್ತ್ರ ಕಲಿಸುತ್ತಿದ್ದ ಈತ ಆಮೇಲೆ ಹಾಯಿದೋಣಿಗಳ ವಿನ್ಯಾಸಕ್ಕಿಳಿದ. 1885, 86, 87ರಲ್ಲಿ ಸಾಲಾಗಿ ಅಮೆರಿಕಾಸ್ ಕಪ್ ಗೆದ್ದದ್ದು ಅವನು ರೂಪಿಸಿದ ದೋಣಿಗಳೇ. ಅವನ ನೊಣಕ್ಕೂ ಸಮುದ್ರ ದಾಟುವ ಯೋಗವಿತ್ತು, ಹಾಯಿಯ ಬದಲು ಸೇವಂತಿಗೆಯ ಮೇಲೆ. 1970ರ ದಶಕದಲ್ಲಿ ಫ್ಲಾರಿಡಾದ ಸೇವಂತಿಗೆ ತುಂಡುಗಳು ಕೀನ್ಯಾಕ್ಕೆ, ಯೂರೋಪಿಗೆ ಹೋದಾಗ ಮೊಟ್ಟೆ, ಮರಿ ಸಮೇತ ಅದೂ ಹೋಯಿತು. ತೊಂಬತ್ತರ ದಶಕದ ಆರಂಭದಲ್ಲಿ ಭಾರತದಲ್ಲೂ ಕಾಣಿಸಿಕೊಂಡು ಹರಳು, ಹತ್ತಿ, ಟೊಮೆಟೊ, ಸೌತೆಗಳಿಗೆ ಹಬ್ಬಿತು. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಸಂಜೆ ಸಾರಕ್ಕಿ ಮಾರುಕಟ್ಟೆಯಲ್ಲಿ ಸೇವಂತಿಗೆ ಮಾರಿನ ಬೆಲೆ ಕೇಳಿ ಬೆವರುವಾಗ ಈ ಲೇಖಕನಿಗೆ ಈ ಕಥೆಯೆಲ್ಲ ನೆನಪಾಗುತ್ತದೆ. ಹೂವಾಡಗಿತ್ತಿಗೆ ಹೇಳುವ ಧೈರ್ಯ ಬಂದಿಲ್ಲ.

ಇದನ್ನು ದೊಡ್ಡ ಪಿಡುಗಾಗಿಸಿದ್ದರಲ್ಲಿ ಔಷಧಿಯ ಪಾಲು ದೊಡ್ಡದು. ಎಲೆಯ ಹೊರಗೆ ಹೊಡೆದ ವಿಷ ಒಳಗಿನ ಮರಿಗೆ ಸರಿಯಾಗಿ ತಾಗುವುದಿಲ್ಲ. ಮತ್ತೆ ಮತ್ತೆ ಹೊಡೆದರೆ ನೊಣ ಅದನ್ನು ಅರಗಿಸಿಕೊಳ್ಳಲು ಕಲಿಯುತ್ತದೆ. ಸಾಯುವುದು ಅದರ ವೈರಿಗಳಾದ ಪುಟ್ಟ ಪರೋಪಜೀವಿ ಕಣಜಗಳು. ಡಿಗ್ಲಿಫಸ್ ಜಾತಿಯ ಕಣಜ ಎಲೆಯ ಪೊರೆಯ ಮೂಲಕವೇ ಮರಿಗೆ ಕುಟುಕಿ, ಅದನ್ನು ನಿಶ್ಚೇಷ್ಟಗೊಳಿಸಿ, ಪಕ್ಕದಲ್ಲೇ ತನ್ನ ಮೊಟ್ಟೆಯಿಡುತ್ತದೆ. 2015ರ ಏಪ್ರಿಲ್‌ನಲ್ಲಿ ಸಾರಕ್ಕಿ ಕೆರೆಯ ಒತ್ತುವರಿ ತೆರವಿಗೆ ಜೆಸಿಬಿಗಳು ಬರಬೇಕಾಯಿತು. ಎಲೆಯೊಳಗಿನ ಒತ್ತುವರಿಗೆ ಈ ಕಣಜವೇ ಸಾಕು.

ತಾರಸಿ ತೋಟದವರು ಗಾಬರಿಯಾಗಬೇಕಿಲ್ಲ. ಗೆರೆ ಬಿದ್ದ ಕೆಳಗಿನ ಎಲೆಗಳನ್ನು ಕಿತ್ತು ಹಿಸುಕಿದರೆ ಅರ್ಧ ಕೆಲಸ ಮುಗಿಯಿತು. ತೀರಾ ಹೆಚ್ಚಾದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದ ಬೇವಿನ ಸೋಪು ಇದೆ. ಆದರೆ ಕೀಳುವ ಮೊದಲು ಎಲೆಯನ್ನು ಬಿಸಿಲಿಗೆ ಹಿಡಿದು ನೋಡಿ. ಮರಿ ಹಳದಿಯಾಗಿ ಮಿಸುಕಾಡುತ್ತಿದ್ದರೆ ಹಿಸುಕಿ. ಕಂದಾಗಿ ಸುಮ್ಮನೆ ಬಿದ್ದಿದ್ದರೆ ಕಣಜ ಬಂದುಹೋಗಿರಬಹುದು, ಆ ಎಲೆಯನ್ನು ಗಿಡದಲ್ಲೇ ಬಿಡಿ.