ಕುಯ್ಯುವ ಕೈಗೆ ಡಾಲರೆಷ್ಟು?

ನಾವು ಕಾಫಿ ತೋಟದ ಲೈನ್ ಮನೆಗಳಲ್ಲಿ ಹುಟ್ಟಿದವರು. ನಮ್ಮವ್ವಂದಿರು ಕುಯ್ದ ಹಣ್ಣಿಗೆ ಬೆಲೆ ಕಟ್ಟೋರು ಯಾರು ಅಂತ ಕೇಳುವ ಧೈರ್ಯ ಬಂದದ್ದು ಕಾಲೇಜು ಮೆಟ್ಟಿಲು ಹತ್ತಿದ ಮೇಲೆ. 'ಬೇಡಿಕೆ, ಪೂರೈಕೆ' ಅಂದರು ಮೇಷ್ಟ್ರು. ಅದು ಅರ್ಧ ಸತ್ಯ. ಉಳಿದರ್ಧ ಸರ್ಕಾರದ ಕಡತದಲ್ಲಿದೆ, ಡಾಲರಿನ ಲೆಕ್ಕದಲ್ಲಿದೆ.

1942ರ ಕಾಫಿ ಕಾಯಿದೆಯ ಮೇಲೆ ಬೆಳೆಗಾರ ತನ್ನ ಫಸಲನ್ನು ಕಾಫಿ ಬೋರ್ಡಿನ ಪೂಲಿಗೇ ಸುರಿಯಬೇಕಿತ್ತು. ಮಾರುವುದು ಬೋರ್ಡು, ದುಡ್ಡು ಕಂತುಕಂತಾಗಿ ಬರುತ್ತಿತ್ತು. ಡಾಲರಿಗೆ ಎಷ್ಟು ರೂಪಾಯಿ ಅನ್ನೋದನ್ನೂ ದಿಲ್ಲಿಯೇ ಗೊತ್ತುಮಾಡುತ್ತಿತ್ತು. ರೂಪಾಯಿಯನ್ನು ಎತ್ತರದಲ್ಲಿ ಹಿಡಿದಿಟ್ಟರೆ ಹೊರಗಿನಿಂದ ಯಂತ್ರ ತರಿಸುವವರಿಗೆ ಅಗ್ಗ. ಹೊರಗೆ ಮಾರುವ ಬೆಳೆಗೆ ಅದು ಕಣ್ಣಿಗೆ ಕಾಣದ ಕಂದಾಯ. 1991ರ ಜುಲೈನಲ್ಲಿ ರೂಪಾಯಿಯ ಬೆಲೆ ಇಳಿಸಿದರು. ಸುಮಾರು 21 ರೂಪಾಯಿ ಇದ್ದ ಡಾಲರು 26ರ ಹತ್ತಿರ ಬಂತು. ಒಂದು ಡಾಲರಿನ ಕಾಫಿಗೆ ಐದು ರೂಪಾಯಿ ಹೆಚ್ಚು. ಆದರೆ 1989ರಲ್ಲೇ ಅಂತಾರಾಷ್ಟ್ರೀಯ ಕಾಫಿ ಒಪ್ಪಂದದ ರಫ್ತು ಕೋಟಾ ಮುರಿದುಬಿದ್ದು ಲೋಕದ ಬೆಲೆಯೇ ಕುಸಿದಿತ್ತು.

1996ರ ಹೊತ್ತಿಗೆ ಪೂಲ್ ಪೂರ್ತಿ ಹೋಯಿತು. 1999ರ ಜನವರಿಯಲ್ಲಿ ಬ್ರೆಜಿಲ್ ತಾನು ಹಿಡಿದಿಟ್ಟಿದ್ದ ರಿಯಾಲ್ ಹಣವನ್ನು ಕೈಬಿಟ್ಟಿತು, ಅದು ಬಿತ್ತು. ಅಲ್ಲಿನ ಬೆಳೆಗಾರನಿಗೆ ಕಡಿಮೆ ಡಾಲರು ಸಿಕ್ಕರೂ ಊರಿನ ದುಡ್ಡಿನಲ್ಲಿ ಲೆಕ್ಕ ಸರಿಹೋಯಿತು, ಮಾರಿದ. ವಿಯೆಟ್ನಾಮಿನ ಫಸಲೂ ಉಕ್ಕಿತು. 2001ಕ್ಕೆ ಬೆಲೆ ನೆಲ ಕಚ್ಚಿತು. ಮೂಡಿಗೆರೆಯ ಗಿಡದ ಹಗ್ಗ ಬ್ರೆಜಿಲ್ಲಿನ ಗೂಟದಲ್ಲಿದೆ ಅನ್ನೋದು ಆಗ ಎಲ್ಲರಿಗೂ ಗೊತ್ತಾಯ್ತು.

ಇಷ್ಟೂ ಭೂಮಿ ಇದ್ದವರ ಕತೆ. ಕೂಲಿಯ ಕತೆ ಯಾವ ಪುಸ್ತಕದಲ್ಲಿದೆ? ಬೆಲೆ ಬಿದ್ದರೆ ನಮ್ಮ ಲೈನಿಗೆ ಬರುವ ಮಾತು ಒಂದೇ: "ರೇಟಿಲ್ಲ, ನಾಳೆಯಿಂದ ಅರ್ಧ ಆಳು ಸಾಕು." ರೂಪಾಯಿ ಇಳಿದರೆ ಧಣಿಗೆ ಕಾಫಿಯಲ್ಲಿ ಲಾಭ, ನಮಗೆ ಬಸ್ ಚಾರ್ಜಿನಲ್ಲಿ, ಅಡುಗೆಎಣ್ಣೆಯಲ್ಲಿ ಏಟು. ದೇಶದ ಕಚ್ಚಾತೈಲ, ಅಡುಗೆಎಣ್ಣೆ ಎರಡೂ ಬಹುಪಾಲು ಡಾಲರು ಕೊಟ್ಟು ತಂದವು. 2025ರ ಆರಂಭದಲ್ಲಿ ಅರೇಬಿಕಾ ಹಿಂದೆಂದೂ ಕಾಣದ ಬೆಲೆ ಮುಟ್ಟಿದಾಗ ಅವ್ವ ಕೇಳಿದ್ದು: "ಕಾಫಿಗೆ ಬೆಲೆ ಬಂದೈತಂತೆ. ಕುಯ್ದೋರ ಕೈಗೇನ್ ಬಂತ್ಲಾ?"

ಗೆಳೆಯರೇ, ರೈತರ ನ್ಯಾಯಬೆಲೆಯ ಹೋರಾಟಕ್ಕೆ ನಾವು ಅಡ್ಡ ಬರುವವರಲ್ಲ. ಅದರ ಮೆರವಣಿಗೆಯಲ್ಲಿ ನಾವೂ ನಡೆದಿದ್ದೇವೆ. ಆದರೆ ಬೇಡಿಕೆ ಪಟ್ಟಿಯಲ್ಲಿ ಬೆಲೆಯ ಪಕ್ಕದಲ್ಲೇ ಕೂಲಿಯ ಪಾಲನ್ನೂ ಬರೆಯಿರಿ. ಬೆಲೆ ಇಳಿದಾಗ ನಷ್ಟ ಹೊರುವುದಕ್ಕೆ ನಾವು ಬೇಕಾದರೆ, ಏರಿದಾಗ ಲಾಭ ಹಂಚುವಾಗಲೂ ನಾವು ಇರಬೇಕು.